ಬುತ್ತಿಯ ದಾರಿ: ಊರು ಬಿಟ್ಟು ಓದಿದ ಮಕ್ಕಳ ಚರಿತ್ರೆ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ ನಾನು ಹಿಂಜರಿದೆ. ಓದಿದ್ದು ಬಿ.ಇ., ಹೊಟ್ಟೆಪಾಡಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಇಸವಿಗಳನ್ನು ಅದಲುಬದಲು ಮಾಡಿ ಸಮಾಜ ವಿಜ್ಞಾನದ ಗುರುಗಳಿಂದ ಬೈಸಿಕೊಂಡ ವಿದ್ಯಾರ್ಥಿ ನಾನು. ಅಂಥವನು ಇತಿಹಾಸದ ಲೇಖನ ಬರೆಯುವುದೆಂದರೆ ಆ ಗುರುಗಳಿಗೇ ನಗು ಬರಬಹುದು.

ಆದರೂ ಯುಗಾದಿಗೆ ಊರಿಗೆ ಬಂದಾಗ ಶಾಲೆಗೆ ಹೋಗಿ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ತೆಗೆಸಿ ನೋಡಿದೆ. ಅದರಲ್ಲಿ 'ಶಾಲೆ ಬಿಡಲು ಕಾರಣ' ಎಂಬ ಒಂದು ಅಂಕಣವಿದೆ. ಪುಟ ಪುಟಗಳಲ್ಲಿ, ಸಾಲು ಸಾಲಾಗಿ ಒಂದೇ ಮಾತು: 'ಹೆಚ್ಚಿನ ವ್ಯಾಸಂಗಕ್ಕಾಗಿ'. ನನ್ನ ಹೆಸರಿನ ಮುಂದೆಯೂ ಅದೇ ಇದೆ. ಹತ್ತನೆಯ ತರಗತಿ ಮುಗಿಸಿ ಮರುವಾರವೇ ಹೊಲಕ್ಕೆ ಇಳಿದ ಗೆಳೆಯನ ಹೆಸರಿನ ಮುಂದೆಯೂ ಅದೇ ಇದೆ. ಆ ವರ್ಷ ಶಾಲೆಗೇ ಪ್ರಥಮ ಬಂದು, ಊರು ಬಿಡಲಾಗದೆ ಉಳಿದ ಸಹಪಾಠಿಯ ಹೆಸರಿನ ಮುಂದೆಯೂ ಅದೇ ಇದೆ.

ಹದಿನೈದು ಹದಿನಾರರ ಹುಡುಗನೋ ಹುಡುಗಿಯೋ ಬೇರೆ ಊರಿಗೆ ಹೋದ ಮೇಲೆ ರಾತ್ರಿ ಎಲ್ಲಿ ಮಲಗಿದರು, ಏನು ಉಂಡರು, ಯಾರ ಆಸರೆಯಲ್ಲಿ ಓದಿದರು ಎಂಬುದು ಆ ರಿಜಿಸ್ಟರಿನಲ್ಲಿ ಇಲ್ಲ. ಆದರೆ ನಮ್ಮ ನಾಡಿನಲ್ಲಿ ಯಾರು ಓದಿದರು, ಯಾರು ಓದಲಿಲ್ಲ ಎಂಬುದನ್ನು ಅಂಕಗಳಷ್ಟೇ ತೀರ್ಮಾನಿಸಲಿಲ್ಲ. ಮಲಗಲು ಒಂದು ಮೂಲೆ, ಎರಡು ಹೊತ್ತಿನ ಊಟ ಇವೂ ತೀರ್ಮಾನಿಸಿದವು. ಆ ಚರಿತ್ರೆಯನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇನೆ.

ಮಾಮನ ಮನೆ ಮತ್ತು ವಾರಾನ್ನ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಕೇಳಿದರೆ ನಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ಅವರೂ ಒಮ್ಮೆ ಊರು ಬಿಟ್ಟ ಹುಡುಗನೇ. ಹುಟ್ಟಿದ್ದು ಮುದ್ದೇನಹಳ್ಳಿ, ಮೊದಲ ಓದು ಚಿಕ್ಕಬಳ್ಳಾಪುರ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿಗೆ ಬಂದಾಗ ಅವರಿಗಿದ್ದ ಆಸರೆ ಸೋದರಮಾವನ ಮನೆ. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಖರ್ಚಿಗೆ ಹಣ ಸಂಪಾದಿಸುತ್ತಿದ್ದರು. ಪಾಠ ಹೇಳುವ ಮನೆಗೂ ಮಾವನ ಮನೆಗೂ ಕಾಲೇಜಿಗೂ ನಡೆದೇ ಹೋಗಬೇಕಿತ್ತು. ಹೀಗೆ ಓದಿ 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಆಮೇಲೆ ಎಂಜಿನಿಯರಿಂಗ್ ಓದಲು ಪುಣೆಗೆ ಹೋದರು.

ಮಾಮನ ಮನೆ ಇಲ್ಲದವರಿಗೆ ಆಗಿನ ಕಾಲದಲ್ಲಿ ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆ. ಏಳೂ ಮನೆ ಸಿಕ್ಕವನು ಭಾಗ್ಯವಂತ. ಐದೇ ಸಿಕ್ಕವನಿಗೆ ವಾರದಲ್ಲಿ ಎರಡು ದಿನ ಉಪವಾಸ, ಇಲ್ಲವೇ ದೇವಸ್ಥಾನದ ಪ್ರಸಾದ. ಊಟಕ್ಕೆ ಕೂರುವ ಮೊದಲು ಆ ಮನೆಯ ನೀರು ಸೇದುವುದು, ಪೇಟೆಯಿಂದ ಸಾಮಾನು ತರುವುದು, ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಇವೆಲ್ಲ ಇರುತ್ತಿದ್ದವು. ಹುಡುಗನ ದಿನಚರಿಯನ್ನು ಶಾಲೆಯ ಗಂಟೆಗಿಂತ ಹೆಚ್ಚಾಗಿ ಉಣ್ಣುವ ಮನೆಯ ಅಡುಗೆಯ ಹೊತ್ತೇ ನಡೆಸುತ್ತಿತ್ತು.

ವಾರಾನ್ನ ದೊಡ್ಡ ಉಪಕಾರ ನಿಜ. ಆದರೆ ಅದು ಎಲ್ಲರಿಗೂ ಇರಲಿಲ್ಲ. ಅಡುಗೆಮನೆಯ ಹತ್ತಿರ ಕೂತು ಉಣ್ಣಲು ಯಾವ ಜಾತಿಗೆ ಅನುಮತಿ ಇತ್ತೋ ಆ ಜಾತಿಯ ಹುಡುಗರಿಗೆ ಮಾತ್ರ. ಒಕ್ಕಲುತನದ ಮನೆಯ ಹುಡುಗ, ಕುರಿ ಕಾಯುವವರ ಹುಡುಗ, ಕಮ್ಮಾರರ ಹುಡುಗ ಎಷ್ಟೇ ಚುರುಕಾಗಿದ್ದರೂ ಪೇಟೆಯಲ್ಲಿ ಅವನಿಗೆ ಎಲೆ ಹಾಕುವವರು ಕಡಿಮೆ. ಹೊಲೆಯ ಮಾದಿಗರ ಮಕ್ಕಳ ಮಾತಂತೂ ಬೇಡವೇ ಬೇಡ.

ಮಠ, ಸಂಘ, ಪ್ರಸಾದ ನಿಲಯ

ನಮ್ಮ ಭಾಗದ ಕಥೆಗೆ ಬರೋಣ. ಆಗ ನಾವು ಮುಂಬಯಿ ಪ್ರಾಂತ್ಯದಲ್ಲಿದ್ದೆವು. ಪದವಿ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಆಲೂರು ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಬೇರೆ ನಾಡು, ಬೇರೆ ಭಾಷೆ, ಬೇರೆ ಊಟ. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದ ಹಿರಿಯರು ಊರೂರು ತಿರುಗಿ ಹಣ ಕೂಡಿಸಿದ್ದರಿಂದ 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂತು. ಅದಕ್ಕೆ ಒಂದು ವರ್ಷ ಮೊದಲು, 1916ರಲ್ಲಿ, ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದ್ದರು.

ಕಾಲೇಜು ಬಂದರೆ ಸಾಕೇ? ಹಳ್ಳಿಯಿಂದ ಬಂದ ಹುಡುಗ ಎಲ್ಲಿ ಇರಬೇಕು? ಇದನ್ನು ಮೊದಲೇ ಯೋಚಿಸಿದವರು ಶಿರಸಂಗಿ ಲಿಂಗರಾಜ ದೇಸಾಯರು. 1906ರಲ್ಲಿ ತೀರಿಕೊಂಡ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಬಡ ಮಕ್ಕಳ ಓದಿಗೆ ಬರೆದಿಟ್ಟು ಹೋದರು. ಆ ಹಣದಿಂದ ಓದಿದವರು ನಮ್ಮ ಭಾಗದ ಊರೂರಲ್ಲಿ ಇದ್ದಾರೆ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಪ್ರಸಾದ ನಿಲಯ ನಡೆಸಿ ಹಳ್ಳಿಯ ಹುಡುಗರಿಗೆ ಊಟ, ವಸತಿ ಕೊಟ್ಟರು. ಹಳೆಯ ಮೈಸೂರು ಸೀಮೆಯಲ್ಲಿ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಛತ್ರವನ್ನೂ ವಿದ್ಯಾರ್ಥಿ ನಿಲಯವನ್ನೂ ಕಟ್ಟಿಸಿದರು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ ತನ್ನ ಮಕ್ಕಳಿಗೆ ವಿದ್ಯಾರ್ಥಿ ನಿಲಯ ಮಾಡಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿಯ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಮೂರನ್ನೂ ಕೊಟ್ಟರು. ಮಠದ ಒಲೆ ಆರಿದ್ದೇ ಇಲ್ಲವೆಂದು ಜನ ಹೇಳುತ್ತಾರೆ.

ಜ್ಞಾನಪೀಠ ಪುರಸ್ಕೃತರಾದ ಚಂದ್ರಶೇಖರ ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಕಮ್ಮಾರಿಕೆಯ ಮನೆಯಲ್ಲಿ ಹುಟ್ಟಿದವರು. ಗೋಕಾಕದಲ್ಲಿ ಹೈಸ್ಕೂಲು ಓದುವಾಗ ಬಡತನದಿಂದ ಓದು ನಿಲ್ಲಿಸಬೇಕಾಯಿತು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಖರ್ಚು ವಹಿಸಿಕೊಂಡಿದ್ದರಿಂದ ಆ ಓದು ಮುಂದುವರಿಯಿತು. ಆ ಕೈ ಮುಂದೆ ಬಾರದಿದ್ದರೆ ಕನ್ನಡಕ್ಕೆ ಏನೇನು ತಪ್ಪಿಹೋಗುತ್ತಿತ್ತೋ!

ನಡೆದು ಬಂದ ಹುಡುಗ

ಊರು ಬಿಟ್ಟ ಹುಡುಗರ ಕಥೆಗಳಲ್ಲಿ ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸಿದ್ದು ಡಾ. ಎಚ್. ನರಸಿಂಹಯ್ಯನವರದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ. ಊರಿನಲ್ಲಿ ಪಾಠ ಹೇಳಿದ್ದ ಮುಖ್ಯೋಪಾಧ್ಯಾಯರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಹೋದ ಮೇಲೆ ಈ ಹುಡುಗನನ್ನೂ ಅಲ್ಲಿಗೆ ಕರೆದರು. ಅದು 1935. ಬಸ್ಸಿಗೆ, ರೈಲಿಗೆ ಕೊಡಲು ಕಾಸಿರಲಿಲ್ಲ. ಸುಮಾರು 80 ಕಿ.ಮೀ. ದಾರಿಯನ್ನು ಎರಡು ದಿನ ನಡೆದು ಬೆಂಗಳೂರು ಮುಟ್ಟಿದರು. ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ಓದಿದರು.

ಅದಕ್ಕಿಂತ ದೊಡ್ಡ ಮಾತು ಮುಂದಿನದು. ಅವರು ಭೌತಶಾಸ್ತ್ರದ ಪ್ರಾಧ್ಯಾಪಕರಾದರು, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಬಸವನಗುಡಿಯ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ ವಿದ್ಯಾರ್ಥಿಗಳ ನಡುವೆಯೇ ದಶಕಗಳ ಕಾಲ ಬಾಳಿದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ತೆರೆಯಲು ದುಡಿದರು. ತಾನು ನಡೆದ ದಾರಿಯನ್ನು ಮುಂದಿನ ಹುಡುಗರು ನಡೆಯಬಾರದೆಂಬುದೇ ಅವರ ಆಸೆ ಇರಬೇಕೆಂದು ನಾನು ತಿಳಿದಿದ್ದೇನೆ. ಅವರ ಆತ್ಮಕಥೆ 'ಹೋರಾಟದ ಹಾದಿ' ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಇರಬೇಕಾದ ಪುಸ್ತಕ.

ಸರ್ಕಾರ ತೆರೆದ ಬಾಗಿಲು

ಮಠ, ಸಂಘಗಳ ಬಾಗಿಲು ಬಹಳ ಕಾಲ ದಲಿತ ಮಕ್ಕಳಿಗೆ ಮುಚ್ಚಿಯೇ ಇತ್ತೆಂಬುದನ್ನು ಮುಚ್ಚಿಡಬಾರದು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1890ರ ದಶಕದಲ್ಲೇ ಆ ಮಕ್ಕಳಿಗಾಗಿ ಶಾಲೆ ತೆರೆದು ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರಿನ ಹಾಸ್ಟೆಲ್ ಎಷ್ಟೋ ದಲಿತ ಹುಡುಗರಿಗೆ ಮನೆಯಾಯಿತು. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಹುಟ್ಟಿದ ಕವಿ ಸಿದ್ದಲಿಂಗಯ್ಯನವರು ಅಲ್ಲಿಯೇ ಇದ್ದು ಓದಿದವರು. 'ಊರುಕೇರಿ' ಓದಿದವರಿಗೆ ಆ ಹಾಸ್ಟೆಲಿನ ದಿನಗಳು, ಹಸಿವು, ನಗು ಎಲ್ಲ ಗೊತ್ತು.

ಹಿಂದುಳಿದ ವರ್ಗಗಳ ಮಕ್ಕಳಿಗೆ ದೊಡ್ಡ ಪ್ರಮಾಣದಲ್ಲಿ ದಾರಿಯಾದದ್ದು ದೇವರಾಜ ಅರಸರ ಕಾಲದಲ್ಲಿ. 1972ರಲ್ಲಿ ನೇಮಕವಾದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಮೀಸಲಾತಿಯ ಜೊತೆಗೆ ತಾಲ್ಲೂಕು, ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವಿದ್ಯಾರ್ಥಿ ನಿಲಯಗಳು ಹೆಚ್ಚಿದವು. ನಮ್ಮ ಶಾಲೆ ಹುಟ್ಟಿದ್ದೂ ಆ ಕಾಲದಲ್ಲೇ. ನಮ್ಮ ಶಾಲೆಯ ಮೊದಲ ತಂಡಗಳಲ್ಲಿ ಓದಿ ನೌಕರಿ ಹಿಡಿದ ಹಿರಿಯರನ್ನು ಮಾತಾಡಿಸಿ ನೋಡಿ. ಹತ್ತರಲ್ಲಿ ಆರು ಮಂದಿ 'ನಾ ಹಾಸ್ಟೆಲ್ ಹುಡುಗ' ಎಂದೇ ಮಾತು ಶುರು ಮಾಡುತ್ತಾರೆ. ಅನ್ನ ಹಸಿಬಿಸಿ, ಸಾರು ನೀರು ಎಂದು ನಗುತ್ತಾರೆ. ಆದರೆ ಆ ನೀರು ಸಾರು ಇರದಿದ್ದರೆ ಅವರ ಇಂದಿನ ಮನೆ ಇರುತ್ತಿರಲಿಲ್ಲ.

ಬಸ್ಸಿನಲ್ಲಿ ಬಂದ ಬುತ್ತಿ

ಇನ್ನು ನನ್ನ ಕಾಲದ ಮಾತು. ನಾನು ಧಾರವಾಡಕ್ಕೆ ಪಿ.ಯು.ಸಿ. ವಿಜ್ಞಾನ ಓದಲು ಹೋದದ್ದು 2005ರ ಜೂನ್. ದೊಡ್ಡಪ್ಪನ ಮಗ ಸಪ್ತಾಪುರದಲ್ಲಿ ಇನ್ನೊಬ್ಬ ಗೆಳೆಯನ ಜೊತೆ ಒಂದು ಖೋಲಿ ಹಿಡಿದಿದ್ದ. ನಾನು ಮೂರನೆಯವನಾಗಿ ಸೇರಿದೆ. ತಿಂಗಳಿಗೆ 900 ರೂಪಾಯಿ ಬಾಡಿಗೆ, ತಲೆಗೆ 300. ಒಂದು ಕಿಟಕಿ, ಒಂದು ಬಲ್ಬು, ಅಂಗಳದಲ್ಲಿ ನಾಲ್ಕು ಖೋಲಿಗೆ ಒಂದೇ ನಳ. ಬೆಳಿಗ್ಗೆ ಐದಕ್ಕೆ ಎದ್ದು ಕೊಡ ಹಚ್ಚದಿದ್ದರೆ ಆ ದಿನ ಸ್ನಾನವಿಲ್ಲ.

ಊಟಕ್ಕೆ ಬುತ್ತಿ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಈಗಿನ ಮಕ್ಕಳಿಗೆ ಗೊತ್ತಿರಲೆಂದು ಬರೆಯುತ್ತೇನೆ. ಅವ್ವ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಹಾಕಿ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದ ಡಬ್ಬಿಯನ್ನು ಅಪ್ಪ ಆರೂಕಾಲರ ಮೊದಲ ಬಸ್ಸಿಗೆ ಇಡುತ್ತಿದ್ದ. ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ನಮ್ಮೂರಿನವು, ದಾರಿಯ ಹಳ್ಳಿಗಳವು ಎಲ್ಲ ಸೇರಿ ಡಬ್ಬಿಗಳ ಸಾಲೇ ಇರುತ್ತಿತ್ತು. ನವಲಗುಂದ, ಹುಬ್ಬಳ್ಳಿ ದಾಟಿ ಒಂಬತ್ತರ ಹೊತ್ತಿಗೆ ಅವು ಧಾರವಾಡ ಮುಟ್ಟುತ್ತಿದ್ದವು. ನಿಲ್ದಾಣದಲ್ಲಿ ಹುಡುಗರ ಗುಂಪು ಕಾದಿರುತ್ತಿತ್ತು. ನಿನ್ನೆಯ ಖಾಲಿ ಡಬ್ಬಿ ಕೊಟ್ಟು ಇವತ್ತಿನ ತುಂಬಿದ ಡಬ್ಬಿ ಒಯ್ಯುವುದು. ಡ್ರೈವರ್, ಕಂಡಕ್ಟರುಗಳು ಇದಕ್ಕೆ ಒಂದು ಪೈಸೆ ಕೇಳಿದ್ದು ನನಗೆ ನೆನಪಿಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ಲೆಕ್ಕಪತ್ರದಲ್ಲಿ ಈ ಸಾಮಾನು ಎಲ್ಲೂ ಬರೆದಿರಲಿಕ್ಕಿಲ್ಲ. ಆದರೆ ನಮ್ಮ ಭಾಗದ ಎಷ್ಟೋ ಡಾಕ್ಟರು, ಮಾಸ್ತರು, ಎಂಜಿನಿಯರುಗಳು ಆ ಎಂಜಿನ್ ಮುಚ್ಚಳದ ಬಿಸಿಯ ಮೇಲೆ ಬಂದ ರೊಟ್ಟಿ ತಿಂದು ಓದಿದವರು.

ಕೆಲವು ಸಲ ಚಟ್ನಿಯ ಸಣ್ಣ ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿಟ್ಟ ಐವತ್ತರ ನೋಟು ಇರುತ್ತಿತ್ತು. ತಂಗಿ ಬರೆದ ಚೀಟಿ ಇರುತ್ತಿತ್ತು: 'ಎಮ್ಮಿ ಈದೇತಿ. ಅವ್ವ ಹೇಳ್ಯಾಳ, ಅಭ್ಯಾಸ ಮಾಡಂತ.' ಬಂದ್ ಆದ ದಿನ ಬಸ್ಸಿಲ್ಲ, ಬುತ್ತಿಯಿಲ್ಲ. ಅಂಥ ದಿನ ಬೇರೆ ದಾರಿಯ ಬಸ್ಸಿನಿಂದ ಯಾವನಿಗಾದರೂ ಬುತ್ತಿ ಬಂದಿದ್ದರೆ ಇಡೀ ಅಂಗಳಕ್ಕೆ ಅದೇ ಊಟ. ಯಾರ ಮನೆಯ ರೊಟ್ಟಿ, ಯಾವ ಜಾತಿಯ ರೊಟ್ಟಿ ಎಂದು ಕೇಳುವಷ್ಟು ಪುರುಸೊತ್ತು ಹಸಿದವರಿಗೆ ಇರಲಿಲ್ಲ. ನಮ್ಮೂರಿನಲ್ಲಿ ನಾನು ಎಂದೂ ಒಳಗೆ ಹೋಗದ ಮನೆಗಳ ಪಲ್ಯದ ರುಚಿ ನನಗೆ ಗೊತ್ತಾದದ್ದು ಧಾರವಾಡದಲ್ಲಿ.

ಓದಿನ ಕಷ್ಟ ಬೇರೆ. ಹತ್ತರವರೆಗೆ ಕನ್ನಡದಲ್ಲಿ ಓದಿದವನಿಗೆ ಒಮ್ಮೆಲೇ ಎಲ್ಲ ಇಂಗ್ಲಿಷ್. 'ಅಕ್ಸೆಲರೇಷನ್' ಎಂದರೆ ನಮ್ಮ ಗುರುಗಳು ಹೇಳಿಕೊಟ್ಟ ವೇಗೋತ್ಕರ್ಷವೇ ಎಂದು ತಿಳಿಯಲು ಹದಿನೈದು ದಿನ ಬೇಕಾಯಿತು. ತಿಳಿದ ದಿನ ಟ್ರಂಕಿನಿಂದ ಹತ್ತನೆಯ ತರಗತಿಯ ಕನ್ನಡ ವಿಜ್ಞಾನ ಪುಸ್ತಕ ತೆಗೆದು, ಇಂಗ್ಲಿಷ್ ಪುಸ್ತಕದ ಪಕ್ಕ ಇಟ್ಟುಕೊಂಡು ಓದಲು ಕೂತೆ. ಮೊದಲ ಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ ನಾಪಾಸಾದೆ. ಒಂದು ರೂಪಾಯಿಯ ಡಬ್ಬಿ ಫೋನಿನಿಂದ ಊರ ಕಿರಾಣಿ ಅಂಗಡಿಗೆ ಫೋನ್ ಹಚ್ಚಿ ಅಪ್ಪನನ್ನು ಕರೆಸಿ 'ವಾಪಸ್ ಬರ್ತೀನಿ' ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾಳಿ ಬುತ್ತಿ ಕಳಸ್ತೀನಿ, ಉಂಡು ಆಮ್ಯಾಲೆ ವಿಚಾರ ಮಾಡೂಣು' ಎಂದ. ನಾಳೆಯೂ ಬುತ್ತಿ ಬಂತು, ನಾಡಿದ್ದೂ ಬಂತು. ವಿಚಾರ ಮಾಡುವುದು ಹಾಗೇ ಉಳಿಯಿತು.

ನಾನು ತರದ ಅರ್ಜಿ

ಇಷ್ಟು ಬರೆದು ಮುಗಿಸಿದ್ದರೆ ಇದು ನನ್ನಂಥವರ ಹೆಮ್ಮೆಯ ಕಥೆಯಾಗುತ್ತಿತ್ತು. ಆದರೆ ಚರಿತ್ರೆಯಲ್ಲಿ ಹೋದವರ ಲೆಕ್ಕದ ಜೊತೆ ಹೋಗದವರ ಲೆಕ್ಕವೂ ಇರಬೇಕು.

ಆ ವರ್ಷ ಶಾಲೆಗೆ ಪ್ರಥಮ ಬಂದವಳು ನಮ್ಮ ತರಗತಿಯ ಒಬ್ಬ ಹುಡುಗಿ. ಗಣಿತದಲ್ಲಿ ನನಗೆ ಬಿಡಿಸಲಾಗದ ಲೆಕ್ಕಗಳನ್ನು ಬಿಡಿಸಿ ತೋರಿಸುತ್ತಿದ್ದವಳು. ಹೆಣ್ಣುಮಗಳು ಖೋಲಿ ಹಿಡಿದು ಇರುವ ಮಾತೇ ಇರಲಿಲ್ಲ. ಅವಳಪ್ಪ 'ಹಾಸ್ಟೆಲ್ ಸಿಕ್ರ ಕಳಸ್ತೀನಿ' ಎಂದು ಅರ್ಧ ಮನಸ್ಸಿನಿಂದ ಒಪ್ಪಿದ್ದರು. ನಾನು ಧಾರವಾಡಕ್ಕೆ ನನ್ನ ಪ್ರವೇಶಕ್ಕೆ ಹೊರಟಾಗ ಅವಳು ಇಪ್ಪತ್ತು ರೂಪಾಯಿ ಕೊಟ್ಟು, ಹುಡುಗಿಯರ ಹಾಸ್ಟೆಲಿನ ಅರ್ಜಿ ತರಲು ಹೇಳಿದ್ದಳು. ನಾನು ನನ್ನ ಕೆಲಸ ಮುಗಿಸಿ, ಪೇಟೆ ನೋಡಿ, ಸಂಜೆ ಬಸ್ಸು ಹತ್ತಿದೆ. ಅರ್ಜಿ ನೆನಪಾದದ್ದು ನವಲಗುಂದ ದಾಟಿದ ಮೇಲೆ. ಮುಂದಿನ ವಾರ ಹೋದಾಗ ಕೊನೆಯ ದಿನ ಮುಗಿದಿತ್ತು. ಇಪ್ಪತ್ತು ರೂಪಾಯಿ ಮರಳಿ ಕೊಟ್ಟೆ. ಅವಳು, 'ಇರ್ಲಿ ಬಿಡೋ, ನಮ್ಮಪ್ಪ ಹೆಂಗೂ ಕಳಸ್ತಿರ್ಲಿಲ್ಲ' ಎಂದಳು.

ಇಪ್ಪತ್ತು ವರ್ಷ ಆ ಮಾತನ್ನೇ ನಾನೂ ನನಗೆ ಹೇಳಿಕೊಂಡು ಬಂದೆ. ನಿಜವೋ ಸುಳ್ಳೋ ಗೊತ್ತಿಲ್ಲ. ಕಳಿಸುತ್ತಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ 'ಇಲ್ಲ' ಎನ್ನುವ ಕೆಲಸವನ್ನು ಅವರಪ್ಪನಿಗೆ ನಾನು ಬಹಳ ಸಲೀಸು ಮಾಡಿಕೊಟ್ಟೆ.

ಈಗ ಸೌಕರ್ಯ ಹೆಚ್ಚಿದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಹೆಣ್ಣುಮಕ್ಕಳಿಗಾಗಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು 2004ರಿಂದ ಬಂದಿವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ 2013-14ರಲ್ಲಿ ಶುರುವಾದ ವಿದ್ಯಾಸಿರಿ ಯೋಜನೆ ಊಟ ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ನೆರವು ಕೊಟ್ಟಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಅರ್ಜಿ ತರಲು ಯಾರೂ ಧಾರವಾಡಕ್ಕೆ ಹೋಗಬೇಕಿಲ್ಲ, ಎಲ್ಲ ಆನ್‌ಲೈನ್. ಆದರೆ ಯಾವ ಅರ್ಜಿ, ಯಾವ ದಿನ, ಯಾವ ದಾಖಲೆ ಎಂದು ಹೇಳುವ ಒಬ್ಬ ಮನುಷ್ಯ ಬೇಕು. ಅವನು ಮರೆಯಬಾರದು.

ಯುಗಾದಿಯ ಮರುದಿನ ಆ ಸಹಪಾಠಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಆಗ 'ಬಿಡೋ' ಎಂದವಳು ಈಗ 'ರೀ' ಹಚ್ಚಿ ಮಾತಾಡಿದಳು. 'ನನ್ನ ಮಗಳು ಈ ಸಲ ಹತ್ತನೇತ್ತಕ್ಕ ಬಂದಾಳ್ರಿ, ನಮ್ಮ ಸಾಲ್ಯಾಗನ ಅದಾಳ. ಲೆಕ್ಕದಾಗ ಭಾಳ ಶ್ಯಾಣ್ಯಾ. ಧಾರವಾಡದಾಗ ಹಾಸ್ಟೆಲ್ ಅರ್ಜಿ ಯಾವಾಗ ಬಿಡ್ತಾರ ಅನ್ನೂದು ಒಂದೀಟು ನೋಡಿ ಹೇಳ್ರಿ' ಎಂದಳು. ಹಳೆಯ ಅರ್ಜಿಯ ಮಾತು ಅವಳು ಎತ್ತಲಿಲ್ಲ. ನಾನು ಎತ್ತಿದೆ. 'ಅದನ್ನ ಇನ್ನೂ ತಲ್ಯಾಗ ಇಟ್ಕೊಂಡೀರೇನ್ರಿ?' ಎಂದು ನಕ್ಕಳು. ಆ ನಗುವಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಸುವರ್ಣ ಮಹೋತ್ಸವಕ್ಕೆ ಕಮಾನು ಕಟ್ಟೋಣ, ರಂಗಮಂದಿರಕ್ಕೆ ಬಣ್ಣ ಹಚ್ಚೋಣ. ಅದರ ಜೊತೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಒಂದು ದಪ್ಪ ನೋಟ್‌ಬುಕ್ ಇಡೋಣ. ನಮ್ಮವರು ಯಾರು ಯಾವ ಊರಿನಲ್ಲಿದ್ದಾರೆ, ಹೊಸದಾಗಿ ಹೋದ ಮಗು ಮೊದಲ ವಾರ ಯಾರ ಮನೆಯಲ್ಲಿ ಇಳಿಯಬಹುದು, ಯಾವ ಹಾಸ್ಟೆಲಿಗೆ ಯಾವ ದಿನದೊಳಗೆ ಅರ್ಜಿ ಹಾಕಬೇಕು, ಇಷ್ಟನ್ನು ಅದರಲ್ಲಿ ಬರೆದಿಡೋಣ. ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಇಬ್ಬರು ಬಂದು ಕೂತು ಹತ್ತನೆಯ ತರಗತಿಯ ಪ್ರತಿ ಮಗುವಿನ ಮನೆಗೆ ಹೋಗಿ ಬರೋಣ, ಹೆಣ್ಣುಮಕ್ಕಳ ಮನೆಗೆ ಮೊದಲು. ಗೆಳೆಯರು 'ನೀ ಸಾಫ್ಟ್‌ವೇರ್‌ನಾಂವ, ಒಂದು ಆ್ಯಪ್ ಮಾಡಬಾರದೇನಲೇ' ಎಂದರು. ಆ್ಯಪ್ ಮನೆಯ ಕಟ್ಟೆಯ ಮೇಲೆ ಕೂತು ಅಪ್ಪನನ್ನು ಒಪ್ಪಿಸುವುದಿಲ್ಲ. ನಾವೇ ಹೋಗಬೇಕು.

ಬರುವ ವರ್ಷದ ಮೊದಲ ಪಾಳಿಗೆ ನನ್ನ ಹೆಸರು ಬರೆದುಕೊಳ್ಳಿರೆಂದು ಮುಖ್ಯೋಪಾಧ್ಯಾಯರಿಗೆ ಹೇಳಿದ್ದೇನೆ. ರಜೆಯನ್ನೂ ಈಗಲೇ ಹಾಕಿದ್ದೇನೆ.